ಹತ್ತೊಂಬತ್ತು ಸಾವಿರ ಹೆಜ್ಜೆ

ಸೋಮವಾರ, ಬೆಳಿಗ್ಗೆ ಹತ್ತೂವರೆ
ನಿನ್ನ ಅಂಗಡಿಯ ಮೆಟ್ಟಿಲ ಮೇಲಿಂದ

ಅಕ್ಕಾ,

ನೀನು ಒಳಗೇ ಇದ್ದೀಯ, ನನಗೆ ಗೊತ್ತು. ಮೂರು ಸಲ ಬಾಗಿಲು ಬಡಿದೆ. ನಾಲ್ಕನೇ ಸಲಕ್ಕೆ ಎದುರಿನ ಕ್ಷೌರದಂಗಡಿಯವರು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು ನೋಡಿದರು, ನಾಚಿಕೆಯಾಗಿ ಬಿಟ್ಟೆ. ನಿನ್ನ ಹೊಲಿಗೆ ಮಿಷನ್ನಿನ ಸದ್ದು ಮಾತ್ರ ನಿಂತಿಲ್ಲ. ನಾಡಿದ್ದು ಆಪರೇಷನ್ ಇಟ್ಟುಕೊಂಡು ಯಾರಾದರೂ ಶಾಲೆಮಕ್ಕಳ ಚಡ್ಡಿ ಹೊಲಿಯುತ್ತಾ ಕೂರುತ್ತಾರಾ? ನೀನು ಕೂರುತ್ತೀಯ. ಅದಕ್ಕೇ ಚೀಲದಲ್ಲಿದ್ದ ಸಮೀಕ್ಷೆಯ ಫಾರಂಗಳ ಹಿಂಬದಿಯಲ್ಲಿ ಬರೆದು ಬಾಗಿಲ ಕೆಳಗೆ ತೂರಿಸುತ್ತಿದ್ದೇನೆ. ಸಿಟ್ಟು ಬಂದರೆ ಆಮೇಲೆ ಹರಿದುಹಾಕು, ಕೊನೇತನಕ ಓದದೆ ಮಾತ್ರ ಬಿಡಬೇಡ.

ನಾಳೆ ಸಂಜೆ ಐದರೊಳಗೆ ನೀನು ಆಸ್ಪತ್ರೆಗೆ ಸೇರಬೇಕು. ಸೇರದಿದ್ದರೆ ಹಾಸಿಗೆ ಬೇರೆಯವರಿಗೆ ಹೋಗುತ್ತದೆ, ಮುಂದಿನ ಸರದಿ ಆರು ವಾರಕ್ಕೆ. ಕರುಳಿನ ಗಡ್ಡೆ ಇನ್ನೂ ಹೊರಗೆ ಹಬ್ಬಿದ ಹಾಗೆ ಕಾಣುತ್ತಿಲ್ಲ, ಈಗಲೇ ತೆಗೆದರೆ ತುಂಬಾ ಭರವಸೆ ಇದೆ ಎಂದು ಡಾಕ್ಟರು ನನ್ನೆದುರಿಗೇ ಹೇಳಿದರು. ಆರು ವಾರ ಕಳೆದ ಮೇಲೂ ಇದೇ ಮಾತು ಹೇಳ್ತೀರಾ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನೀನು ಆಗ ಗೋಡೆಯ ಕಡೆ ನೋಡುತ್ತಿದ್ದೆ.

ನಿನ್ನೆ ಭಾವ ಬಸ್ ಡಿಪೋದಿಂದ ಫೋನ್ ಮಾಡಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಅತ್ತಿದ್ದನ್ನು ನಾನು ಕೇಳಿದ್ದು ಇದೇ ಮೊದಲು. ನೀನು ಹೇಳಿದ್ದನ್ನು ಹಾಗೇ ಒಪ್ಪಿಸಿದರು: "ಅಷ್ಟೊಂದು ನಡೆಯೋ ನನಗೇ ಬಂತು ಅಂದ್ಮೇಲೆ ಇದು ಹಣೆಬರಹ ಕಣ್ರೀ. ಹಣೆಬರಹಕ್ಕೆ ಕತ್ತರಿ ಹಾಕೋಕಾಗತ್ತಾ? ನಾನು ಹೋಗಲ್ಲ."

ಅಕ್ಕಾ, ನೀನು ನಡೆದಿಲ್ಲ.

ಇದನ್ನು ಬಾಯಲ್ಲಿ ಹೇಳಲು ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ. ಮೊದಲಿನಿಂದ ಹೇಳುತ್ತೇನೆ. ಹೋದ ವರ್ಷ ನಮ್ಮ ನಡಿಗೆ ಸಮೀಕ್ಷೆ ನಿನ್ನ ಬೀದಿಗೆ ಬಂದಾಗ, ಊರಿನವರ ಕಾಲು ಎಣಿಸಿ ಹೊಟ್ಟೆ ಹೊರೆಯೋಳು ಬಂದಳಪ್ಪಾ ಎಂದು ಗಿರಾಕಿಗಳ ಮುಂದೆ ನನ್ನ ಮಾನ ಕಳೆದೆಯಲ್ಲ, ಆವತ್ತಿನಿಂದ. ಊರಿನ ನಲವತ್ತು ಸಾವಿರ ಜನರ ಕಾಲಿಗೆ ಮೂರು ಮೂರು ತಿಂಗಳಿಗೆ ಒಂದು ವಾರ ಹೆಜ್ಜೆ ಎಣಿಸುವ ಪಟ್ಟಿ ಕಟ್ಟುವುದು, ಯಾರು ಎಷ್ಟು ಓಡಾಡುತ್ತಾರೆಂದು ಬರೆದಿಡುವುದು, ಹತ್ತು ವರ್ಷ ಬಿಟ್ಟು ಯಾರಿಗೆ ಕ್ಯಾನ್ಸರ್ ಬಂತು, ಯಾರಿಗೆ ಬರಲಿಲ್ಲ ಎಂದು ನೋಡುವುದು. ಅಷ್ಟೇ ನನ್ನ ಕೆಲಸ. ನಿನ್ನ ಕಾಲಿಗೂ ಕಟ್ಟಿದೆ. ವಾರ ಕಳೆದು ಬಿಚ್ಚಿದರೆ ದಿನಕ್ಕೆ ಹತ್ತೊಂಬತ್ತು ಸಾವಿರ ಹೆಜ್ಜೆ! ಪೋಸ್ಟ್‌ಮ್ಯಾನ್ ಕೂಡ ನಿನಗಿಂತ ಹಿಂದೆ. ಅಡುಗೆಮನೆಯಿಂದ ಅಂಗಡಿಗೆ ಬರೋದ್ರಲ್ಲೇ ಹತ್ತೊಂಬತ್ತು ಸಾವಿರವಾ, ದಾರಿ ತಪ್ಪಿ ಅಲೀತಾಳೋ ಏನೋ ಎಂದು ಭಾವ ನಕ್ಕರು. ನಾವೂ ನಕ್ಕೆವು. ಅವರೊಬ್ಬರೇ ಸರಿಯಾದ ಪ್ರಶ್ನೆ ಕೇಳಿದ್ದು, ಪಾಪ, ಅದು ಅವರಿಗೂ ಗೊತ್ತಿರಲಿಲ್ಲ.

ಆಮೇಲೆ ಆಫೀಸಿನಿಂದ ಪ್ರಶಂಸಾಪತ್ರ ಬಂತು. ಏಳನೇ ತರಗತಿಗೆ ಶಾಲೆ ಬಿಟ್ಟವಳು ನೀನು, ನಾನು ಓದಲಿ ಎಂದು. ನಿನ್ನ ಹೆಸರು ಅಚ್ಚಾದ ಕಾಗದ ಅದಕ್ಕೆ ಮುಂಚೆ ನಿನ್ನ ಕೈಗೆ ಬಂದಿದ್ದು ಲಗ್ನಪತ್ರಿಕೆ ಒಂದೇ. ಕನ್ನಡಿಯ ಪಕ್ಕದಲ್ಲಿ ಅಂಟಿಸಿದೆ, ಅಳತೆ ಕೊಡಲು ಬಂದವರೆಲ್ಲ ಓದುವ ಹಾಗೆ.

ನಾಲ್ಕು ತಿಂಗಳ ಹಿಂದೆ ಒಂದು ಮಧ್ಯಾಹ್ನ ನನ್ನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ರಕ್ತ ಹೋಗುತ್ತಿದೆ ಎಂದೆ. ಕೂತು ಕೂತು ಮೂಲವ್ಯಾಧಿ ಆಗಿರಬೇಕು ಎಂದು ನೀನೇ ಕಾರಣವನ್ನೂ ಹೇಳಿದೆ. ಆಮೇಲೆ ಗೋಡೆಯ ಮೇಲಿನ ಕಾಗದದ ಕಡೆ ಕೈ ತೋರಿಸಿ ಕೇಳಿದೆ: "ನಿನ್ನ ಲೆಕ್ಕದ ಪ್ರಕಾರ ನನಗೆ ಅಂಥದ್ದೇನೂ ಬರಲ್ಲ ಅಲ್ವೇನೇ?"

ನಾನು ಬರಲ್ಲ ಅಂದೆ. ಇಷ್ಟು ಓಡಾಡುವವಳಿಗೆ ಏನು ಬರುತ್ತೆ, ನೀರು ಜಾಸ್ತಿ ಕುಡಿ ಅಂದೆ. ನೀನು ನೀರು ಕುಡಿದೆ. ಮೂರೂವರೆ ತಿಂಗಳು ನೀರೇ ಕುಡಿದೆ.

ಹೋದ ವಾರ ನಿನ್ನ ರಿಪೋರ್ಟು ಬಂದ ಮೇಲೆ ನಮ್ಮ ಕೈಪಿಡಿ ತೆಗೆದು ನೋಡಿದೆ. ಹನ್ನೊಂದನೇ ಪುಟದಲ್ಲಿ ಒಂದು ಸಾಲಿದೆ. ಕೂತು ಕಾಲಾಡಿಸುವ ಕೆಲಸದವರು ಕೆಲಸದ ಹೊತ್ತಿನಲ್ಲಿ ಪಟ್ಟಿ ಬಿಚ್ಚಿಡಬೇಕು ಎಂದು. ನಿನ್ನದು ಕಾಲಲ್ಲಿ ತುಳಿಯುವ ಮಿಷನ್ನು. ಒಂದೊಂದು ತುಳಿತವನ್ನೂ ಆ ಪಟ್ಟಿ ಒಂದೊಂದು ಹೆಜ್ಜೆ ಎಂದು ಬರೆದುಕೊಂಡಿದೆ. ನೀನು ಸ್ಟೂಲಿನ ಮೇಲೆ ಕೂತೇ ಊರೆಲ್ಲ ಸುತ್ತಿದ್ದೀಯ. ನಿಜವಾಗಿ ನಡೆದದ್ದು ದಿನಕ್ಕೆ ಸಾವಿರವೋ ಸಾವಿರದಿನ್ನೂರೋ. ನನಗೆ ಗೊತ್ತಾಗಲಿಲ್ಲ ಅಕ್ಕಾ. ಆ ಪುಟ ನಾನು ಸರಿಯಾಗಿ ಓದಿರಲಿಲ್ಲ.

ಹಾಗಂತ, ಕೂತಿದ್ದಕ್ಕೇ ನಿನಗೆ ಬಂತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಯಾರಿಗೂ ಬರುವುದಿಲ್ಲ, ನಮ್ಮ ಸಮೀಕ್ಷೆಯ ದೊಡ್ಡ ಮೇಡಂಗೂ ಬರುವುದಿಲ್ಲ. ಊರಿಗೆ ಊರೇ ಎದ್ದು ಓಡಾಡಿದರೆ ಒಂದಷ್ಟು ಜನರಿಗೆ ಈ ಕಾಯಿಲೆ ತಪ್ಪುತ್ತದೆ. ಯಾರ ಮನೆಯಲ್ಲಿ ತಪ್ಪಿತು ಎಂದು ತೋರಿಸಲಾಗುವುದಿಲ್ಲ. ನಡೆದವರಿಗೂ ಬರುತ್ತದೆ, ಜೀವಮಾನವೆಲ್ಲ ಕೂತವರಿಗೂ ಬರದೇ ಇರುತ್ತದೆ. ಇದನ್ನು ನಾನು ಮನೆಮನೆಗೆ ಹೋಗಿ ಬಾಯಿಪಾಠ ಒಪ್ಪಿಸುತ್ತೇನೆ. ನೀನು ಕೇಳಿದಾಗ ಮಾತ್ರ ಊರಿನ ಲೆಕ್ಕವನ್ನು ನಿನ್ನೊಬ್ಬಳ ಕೈಗೆ ತಾಯತದ ಹಾಗೆ ಕಟ್ಟಿಬಿಟ್ಟೆ. ನಿಜವಾಗಿ ಹತ್ತೊಂಬತ್ತು ಸಾವಿರ ನಡೆದವಳೇ ಆಗಿದ್ದರೂ ರಕ್ತ ಹೋದರೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು.

ಆದ್ದರಿಂದ ಹಣೆಬರಹದ ಮಾತು ಬಿಡು. ಇದರಲ್ಲಿ ಇರುವುದು ಒಂದು ಗಡ್ಡೆ, ಒಂದು ತಪ್ಪು ಲೆಕ್ಕ, ನನ್ನ ದಡ್ಡತನ. ಗಡ್ಡೆಯನ್ನು ತೆಗೆಯುವವರು ನಾಡಿದ್ದು ಬೆಳಿಗ್ಗೆ ಕಾಯುತ್ತಿರುತ್ತಾರೆ. ಸಮವಸ್ತ್ರದ ಚಿಂತೆ ಬೇಡ, ಪಕ್ಕದ ಅಂಗಡಿಯ ದರ್ಜಿ ಉಳಿದದ್ದು ಹೊಲಿದುಕೊಡುತ್ತೇನೆಂದು ಒಪ್ಪಿದ್ದಾರೆ. ಅವರು ಗುಂಡಿಗೆ ಹೊಲಿಯುವ ಕಾಜಾ ನಿನಗೆ ಹಿಡಿಸುವುದಿಲ್ಲ ಎಂದು ಗೊತ್ತು. ಈ ವರ್ಷದ ಮಕ್ಕಳು ಸೊಟ್ಟ ಕಾಜಾದಲ್ಲೇ ಶಾಲೆಗೆ ಹೋಗಲಿ. ನಿನ್ನ ಕಾಲಿಗೆ ಬೀಳುತ್ತೇನೆ, ನಾಳೆ ಹೊರಡು. ನೀನಿಲ್ಲದ ಬೀದಿಯಲ್ಲಿ ನಾನು ಯಾರ ಹಿಂದೆ ಹೋಗಲಿ? ನನಗೆ ಬೇರೆ ಯಾರ ಹಿಂದೆಯೂ ಹೋಗಿ ಗೊತ್ತಿಲ್ಲ.

ಇಂತಿ,
ಚಿಕ್ಕಂದಿನಿಂದ ನೀನೇ ಕರೆದ ಹಾಗೆ,
ನಿನ್ನ ಬಾಲ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಕಾಗದ ಮಡಿಚಿದ ಮೇಲೂ ಬಾಗಿಲ ಕೆಳಗೆ ತೂರಿಸಲು ಕೈ ಬರಲಿಲ್ಲ. ನಿನ್ನನ್ನು ನಾನು ಬಲ್ಲೆ. ಇಷ್ಟನ್ನೂ ಓದಿ, ಪಾಪ, ಅದಕ್ಕೇನು ಗೊತ್ತಿತ್ತು ಎಂದು ಕಣ್ಣೊರೆಸಿಕೊಂಡು ಮತ್ತೆ ಮಿಷನ್ನಿಗೆ ಕೂರುತ್ತೀಯ. ನನ್ನ ತಪ್ಪನ್ನೆಲ್ಲ ಹೊಟ್ಟೆಗೆ ಹಾಕಿಕೊಂಡೇ ನಿನಗೆ ಅಭ್ಯಾಸ.

ನನಗೆ ಗೊತ್ತಿತ್ತು. ಎರಡನೇ ಸುತ್ತಿನಲ್ಲಿ ಪಟ್ಟಿ ಕಟ್ಟಿ ನಿನ್ನೆದುರೇ ಕೂತಿದ್ದೆ. ನೀನು ಒಂದು ಲಂಗದ ಅಂಚು ಹೊಲಿದು ಮುಗಿಸುವಷ್ಟರಲ್ಲಿ ಅಂಕಿ ಎಂಟುನೂರು ಏರಿತು. ಕಣ್ಣಾರೆ ನೋಡಿದೆ. ಹೇಳಿದರೆ ಗೋಡೆಯ ಮೇಲಿನ ಕಾಗದ ತೆಗೆಯಬೇಕಿತ್ತು, ನಿನ್ನ ಬೀದಿಯ ಹನ್ನೊಂದು ಮಂದಿ ದರ್ಜಿಗಳ ಫಾರಂ ರದ್ದಾಗುತ್ತಿತ್ತು, ಅತ್ಯುತ್ತಮ ಬೀದಿ ಎಂದು ನನ್ನ ಬೆನ್ನು ತಟ್ಟಿದವರೇ ನನ್ನನ್ನು ಕೆಲಸದಿಂದ ತೆಗೆಯುತ್ತಿದ್ದರು. ಸುಮ್ಮನಾದೆ. ನೀನು ರಕ್ತದ ಮಾತು ಎತ್ತಿದ ಮಧ್ಯಾಹ್ನ, ಆ ಕಾಗದ ಸುಳ್ಳು ಎಂದು ಚೆನ್ನಾಗಿ ಗೊತ್ತಿದ್ದೂ ನಿನಗೆ ಬರಲ್ಲ ಅಂದೆ. ಹೋಗಿ ತೋರಿಸು ಅಂದರೆ, ನಡೆಯೋಳಿಗೆ ಯಾಕೆ ಹೆದರಿಕೆ ಎಂದು ನೀನು ಕೇಳುತ್ತಿದ್ದೆ, ಅದಕ್ಕೆ ನಾನು ಉತ್ತರ ಕೊಡಬೇಕಾಗುತ್ತಿತ್ತು.

ಇದನ್ನೇ ಇವತ್ತು ಬೆಳಿಗ್ಗೆ ಆಫೀಸಿನಲ್ಲಿ ಬರೆದುಕೊಟ್ಟು ಬಂದಿದ್ದೇನೆ.

ಕ್ಷಮಿಸು ಎಂದು ಕೇಳುವುದಿಲ್ಲ, ನನಗೆ ಬೇಕಾದದ್ದು ನಿನ್ನ ಸಿಟ್ಟು. ಹೆಂಗಸು ಅಂಗಡಿ ಇಡ್ತಾಳಾ ಎಂದು ನಿನ್ನ ಅತ್ತೆ ನಕ್ಕ ಎಂಟನೇ ದಿನಕ್ಕೆ ನೀನು ಬೋರ್ಡು ಹಾಕಿದವಳು. ಆ ಸಿಟ್ಟನ್ನು ಈಗ ನನ್ನ ಮೇಲೆ ತೆಗೆ. ನಾನು ಮೆಟ್ಟಿಲ ಮೇಲೇ ಇದ್ದೇನೆ. ಎದ್ದು ಬಂದು ಬಾಗಿಲು ತೆಗೆದು ನನ್ನ ಕೆನ್ನೆಗೆ ಬಾರಿಸು, ಇನ್ನು ನನ್ನ ಮುಖ ತೋರಿಸಬೇಡ ಅನ್ನು. ತೋರಿಸುವುದಿಲ್ಲ. ನಾಳೆ ನಾಲ್ಕು ಗಂಟೆಗೆ ಭಾವ ರಜಾ ಹಾಕಿ ಬರುತ್ತಾರೆ. ಅವರ ಜೊತೆ ಹೋಗು.