ಏಣಿಯ ಕೆಳಗೆ ಒಂದು ಚಕ್ಕೆ

ಮಾರ್ಚ್ 3, ಬೆಳಿಗ್ಗೆ 7

ಗರಗಸದ ಚೈನು ಉಜ್ಜಿ ಆಯಿತು. ಐವತ್ತಾರು ಹಲ್ಲು, ಪ್ರತಿ ಹಲ್ಲಿಗೂ ಅರದಿಂದ ಮೂರು ಸಲ. ಪೆಟ್ರೋಲು, ಆಯಿಲು ತುಂಬಿದೆ. ಟೀ ಕುಡಿದೆ. ಇಷ್ಟರಲ್ಲಿ ಯಾರ ಜೊತೆಯೂ ಮಾತಾಡಿಲ್ಲ — ಸ್ಟಾರ್ಟ್ ಆಗದ ಮೆಷಿನ್ನಿಗೆ ಬೈದದ್ದನ್ನು ಬಿಟ್ಟರೆ.

ಅಂಗಳದ ದಿಮ್ಮಿಗಳ ಮಹಾಸಭೆ ಏಳಕ್ಕೆ ಸರಿಯಾಗಿ ಸೇರಿತು. ಹಾಜರಿ: ಹನ್ನೊಂದು ದಿಮ್ಮಿ, ಒಬ್ಬ ನಾನು. ಅಧ್ಯಕ್ಷತೆ: ಗೇಟಿನ ಪಕ್ಕದ ಬೊಡ್ಡೆ. ಅದರ ತಲೆಗೆ ಅಕ್ಕನ ಹಳೇ ಹೆಲ್ಮೆಟ್ ಇಟ್ಟಿದ್ದೇನೆ. ನಿರ್ಣಯ ಒಂದು: ಅಕ್ಕ ಗರಗಸ ಬಿಟ್ಟು ಪೇಟೆಗೆ ಹೋಗಿ ಇಪ್ಪತ್ತಾರು ದಿನವಾದದ್ದಕ್ಕೆ ಸಭೆ ತೀವ್ರ ವಿಷಾದ ಸೂಚಿಸುತ್ತದೆ. ನಿರ್ಣಯ ಎರಡು: ತಮ್ಮನಾದವನು ಬಾಯಿ ಮುಚ್ಚಿಕೊಂಡು ಹಲಗೆ ಕೊಯ್ಯತಕ್ಕದ್ದು. ವಿರೋಧವಿಲ್ಲದೆ ಅಂಗೀಕಾರ.

ಮಾರ್ಚ್ 3, ಸಂಜೆ

ಎರಡೇ ಹಲಗೆ. ಮೂರನೆಯದರ ನಡುವೆ ಮೊಳೆ ಸಿಕ್ಕಿತು. ರಸ್ತೆ ಅಗಲ ಮಾಡಲು ಕಡಿದ ಮರ. ಯಾವನೋ ಟ್ಯೂಷನ್ ಬೋರ್ಡಿಗೆ ಹೊಡೆದ ಮೊಳೆಯನ್ನು ನುಂಗಿ ಸುಮ್ಮನೆ ಬೆಳೆದುಬಿಟ್ಟಿತ್ತು. ಬೆಳಗಿನ ಐವತ್ತಾರು ಹಲ್ಲಿಗೂ ಏಕಕಾಲದಲ್ಲಿ ಮೋಕ್ಷ.

ಬೇಜಾರಿಗೆ ನನ್ನ ಟೀ ಲೋಟವನ್ನು ಮರದ ಹೊಟ್ಟಿನ ಗುಡ್ಡೆಯಲ್ಲಿ ಅಡಗಿಸಿಟ್ಟೆ. ನಾನೇ ಅಡಗಿಸಿ ನಾನೇ ಹುಡುಕಿದೆ. ನಾನೇ ನಗಬೇಕಿತ್ತು... ಲೋಟ ತೊಳೆದಿಟ್ಟೆ.

ಮಾರ್ಚ್ 6, ಮಧ್ಯಾಹ್ನ

ಬಡಗಿ ಮೇಸ್ತ್ರಿ ಬಂದಿದ್ದರು. ಅಪ್ಪನ ಕಾಲದ ಗಿರಾಕಿ. ನಾನು ಕೊಯ್ದ ಹಲಗೆಯ ಮೇಲೆ ಉದ್ದದ ಅಳತೆಪಟ್ಟಿ ಇಟ್ಟು, ಅದರಡಿಯಿಂದ ತೂರಿ ಬರುವ ಬೆಳಕನ್ನು ಬಹಳ ಹೊತ್ತು ನೋಡಿದರು.

"ಇದರಲ್ಲಿ ಮೇಜು ಮಾಡಿದ್ರೆ ಲೋಟ ತಾನಾಗೇ ನಡ್ಕೊಂಡು ಹೋಗುತ್ತೆ ಕಣಯ್ಯಾ."

"ಎದ್ದು ತರೋ ಕಷ್ಟ ತಪ್ಪಿತಲ್ಲ, ಮೇಸ್ತ್ರಿ."

ನಗಲಿಲ್ಲ. "ಅಕ್ಕನ ಕಣ್ಣು ಹೇಗಿದೆಯಂತೆ?"

"ಹಾಗೇ ಇದೆಯಂತೆ."

"ಪಾಪ. ಅಪ್ಪನ ಥರಾನೇ ಆಯ್ತು."

ಹೋದರು. ಈಗ ಬರೆದೇ ಬಿಡುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ.

ನಮ್ಮ ಕೆಲಸದ ಗುಟ್ಟೆಲ್ಲ ಮೊದಲ ಕೊಯ್ತದಲ್ಲಿದೆ. ದುಂಡು ದಿಮ್ಮಿಯ ಬೆನ್ನ ಮೇಲೆ ಅಲ್ಯೂಮಿನಿಯಂ ಏಣಿ ಮಲಗಿಸಿ, ಎರಡು ತುದಿಗೂ ಮರದ ತುಂಡು ಕೊಟ್ಟು ಸ್ಕ್ರೂ ಬಿಗಿಯುವುದು. ಚೈನ್ ಗರಗಸದ ಚೌಕಟ್ಟು ಏಣಿಯ ಮೇಲೆ ಜಾರುತ್ತಾ ಹೋಗುತ್ತದೆ. ಏಣಿ ನೆಟ್ಟಗಿದ್ದರೆ ಮೊದಲ ಮುಖ ಸಪಾಟು. ಆಮೇಲೆ ಏಣಿ ಬೇಡ, ಆ ಮುಖದ ಮೇಲೇ ಜಾರಿಸಬಹುದು — ನೂಲಿನಂತೆ ಸೀರೆ. ಬೇರೆಯವರು ಏಣಿಗೆ ರಸಮಟ್ಟ ಇಟ್ಟು ಗುಳ್ಳೆ ನೋಡುತ್ತಾರೆ. ಅಕ್ಕ ಇಡುವುದಿಲ್ಲ. ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಈ ತುದಿಯ ಮೆಟ್ಟಿಲನ್ನೂ ಆ ತುದಿಯ ಮೆಟ್ಟಿಲನ್ನೂ ಒಂದೇ ಗೆರೆಗೆ ತಂದು ನೋಡಿ "ಹ್ಞೂಂ" ಅನ್ನುತ್ತಾಳೆ. ಆ ಹ್ಞೂಂ ಎಂದೂ ಸುಳ್ಳಾಗಿರಲಿಲ್ಲ.

ಜನವರಿ ಕೊನೆಯಲ್ಲಿ ಒಂದು ದಿನ, ಹ್ಞೂಂ ಆದ ಮೇಲೆ ಅವಳು ಪೆಟ್ರೋಲು ತುಂಬಲು ತಿರುಗಿದಳು. ನಾನು ಆ ತುದಿಯ ಸ್ಕ್ರೂ ಸಡಿಲಿಸಿ, ಏಣಿಯ ಒಂದು ಕಾಲಿನ ಕೆಳಗೆ ಬೆರಳು ದಪ್ಪದ ಚಕ್ಕೆ ತೂರಿಸಿದೆ. ಮುಖ ತಿರುಚಿ ಬಂದಾಗ ದಿಮ್ಮಿ ಹತ್ತಿ ನಿಂತು, "ಮಹಾಜನಗಳೇ, ಇಂದು ಒಂದು ಹ್ಞೂಂ ಸ್ವರ್ಗಸ್ಥವಾಯಿತು" ಎಂದು ಭಾಷಣ ಮಾಡುವುದು ಯೋಜನೆ. ಬಾಯಿಪಾಠ ಮಾಡಿಕೊಂಡಿದ್ದೆ. ಅಕ್ಕ ಬೆನ್ನಿಗೊಂದು ಗುದ್ದುತ್ತಿದ್ದಳು, ನಗುತ್ತಿದ್ದೆವು, ಮತ್ತೆ ಏಣಿ ಇಟ್ಟು ಸರಿಮಾಡುತ್ತಿದ್ದೆವು. ಅಷ್ಟೇ.

ಕೊಯ್ತ ಮುಗಿಯುವ ಹೊತ್ತಿಗೆ ಮೇಸ್ತ್ರಿ ಬಂದರು. ಕೊಯ್ದು ಬಂದ ಮೇಲಿನ ಪಟ್ಟಿ ಎತ್ತುತ್ತಲೇ ಅವರೇ ಬಗ್ಗಿ ನೋಡಿ, "ಏನಮ್ಮಾ, ತಿರುಚಿಕೊಂಡಿದೆಯಲ್ಲ" ಅಂದರು. ಅಕ್ಕ ಬೈಯಲಿಲ್ಲ. ಕೈಗವಸು ಒಂದೊಂದಾಗಿ ತೆಗೆದಳು.

"ನಾನು ನೋಡ್ದಾಗ ಸರಿ ಇತ್ತು" ಅಂದಳು. ಆಮೇಲೆ ತುಂಬ ಮೆಲ್ಲಗೆ, "ನನಗೂ ಶುರುವಾಯ್ತು."

ಬಾಯಿ ತೆರೆದೆ. ಭಾಷಣ ಬರಲಿಲ್ಲ. ಏಣಿ ಇಳಿಸುವಾಗಲೇ ಚಕ್ಕೆ ನನ್ನ ಜೇಬಿಗೆ ಹೋಗಿತ್ತು. ಅಲ್ಲೇ ಉಳಿಯಿತು.

ಮಾರ್ಚ್ 7, ಬೆಳಿಗ್ಗೆ

ನಿನ್ನೆಯದನ್ನು ಓದಿದೆ. ಮುಖ್ಯವಾದದ್ದನ್ನೇ ಬಿಟ್ಟಿದ್ದೇನೆ.

ಅಪ್ಪ ಇದೇ ಅಂಗಳದಲ್ಲಿ ಕೊಯ್ಯುತ್ತಿದ್ದವರು. ನಲವತ್ತು ದಾಟುತ್ತಲೇ ಅವರ ಕಣ್ಣಿಗೆ ಅಂಚಿನಿಂದ ಕತ್ತಲು ಕಟ್ಟುತ್ತಾ ಬಂತು. ಮೊದಲು ಗೊತ್ತಾದದ್ದು ತಿರುಚಿದ ಒಂದು ಹಲಗೆಯಿಂದ. ನನಗಾಗ ಏಳು ವರ್ಷ. "ಸರಿ ಇದೆಯೇನೋ?" ಎಂದು ಕೇಳುತ್ತಿದ್ದರು. "ಸರಿ ಇದೆ ಅಪ್ಪ" ಅನ್ನುತ್ತಿದ್ದೆ. ಯಾವುದೂ ಸರಿ ಇರುತ್ತಿರಲಿಲ್ಲ. ಎರಡು ವರ್ಷದಲ್ಲಿ ಪೂರ್ತಿ ಹೋಯಿತು. ಈಗ ಅಪ್ಪನೂ ಇಲ್ಲ.

ಅಕ್ಕನಿಗೆ ಮೂವತ್ಮೂರು. ಅಂದಿನಿಂದ ತನ್ನ ಸರದಿಗೆ ಕಾಯುತ್ತಲೇ ಇದ್ದಳು ಅಂತ ಈಗ ಅನ್ನಿಸುತ್ತದೆ. ಕಣ್ಣಿನ ಡಾಕ್ಟರು, "ಸದ್ಯಕ್ಕೆ ಏನೂ ಕಾಣ್ತಿಲ್ಲ, ವರ್ಷಕ್ಕೊಂದ್ಸಲ ಬನ್ನಿ" ಅಂದರು. ಅಪ್ಪನಿಗೂ ಮೊದಲ ಸಲ ಅದನ್ನೇ ಹೇಳಿದ್ದರಂತೆ. ಹೊರಬಂದವಳೇ ಪೇಟೆಯ ಲಾಂಡ್ರಿಯಲ್ಲಿ ಕೆಲಸ ಹಿಡಿದಳು.

ಇದೆಲ್ಲ ಗೊತ್ತಿದ್ದೂ ಚಕ್ಕೆ ಇಟ್ಟೆನೆ? ಗೊತ್ತಿತ್ತು. ಆ ಹೊತ್ತಿಗೆ ನೆನಪಿರಲಿಲ್ಲ. ಎರಡಕ್ಕೂ ವ್ಯತ್ಯಾಸ ಎಷ್ಟು ಅಂತ ದಿಮ್ಮಿಗಳ ಸಭೆ ತೀರ್ಮಾನಿಸಲಿ.

ಮಾರ್ಚ್ 14, ಸಂಜೆ 6

ಅಕ್ಕನಿಗೆ ಫೋನ್ ಮಾಡಿದೆ.

"ಊಟ ಸರಿಯಾಗಿ ಮಾಡ್ತಿದೀಯೇನೋ? ಬರೀ ಬ್ರೆಡ್ಡಾ?"

"ಅಕ್ಕ, ಒಂದು ಮಾತು. ಆವತ್ತು ಏಣಿ ಕೆಳಗೆ ನಾನೊಂದು ಚಕ್ಕೆ ಇಟ್ಟಿದ್ದೆ."

ಅವಳ ಹಿಂದೆ ದೊಡ್ಡ ಮೆಷಿನ್ನು ತಿರುಗುವ ಸದ್ದು.

"ತಮಾಷೆಗೆ. ನಿನ್ನ ಕಣ್ಣಿಗೆ ಏನೂ ಆಗಿಲ್ಲ."

ನಕ್ಕಳು. ಅಂಥ ನಗು ನಾನು ಕೇಳಿರಲಿಲ್ಲ, ಮಗುವಿನ ತಲೆ ಸವರಿದ ಹಾಗೆ. "ಅಪ್ಪನಿಗೂ ನೀನು ಹೀಗೇ ಹೇಳ್ತಿದ್ದೆ. ಸರಿ ಇದೆ ಅಪ್ಪ, ಸರಿ ಇದೆ ಅಪ್ಪ. ನಾನು ಪಕ್ಕದಲ್ಲೇ ನಿಂತಿರ್ತಿದ್ನಲ್ಲೋ."

"ಇದು ಅದಲ್ಲ. ಆಣೆ."

"ನಿನ್ನ ಆಣೆಗೆ ಬಟ್ಟೆ ಹಾಕಿದ್ರೆ ಒಣಗುತ್ತೆ, ಅಷ್ಟು ಗಾಳಿ ಇದೆ ಅದರಲ್ಲಿ. ಬಿಡು. ನಾನಿಲ್ಲಿ ಚೆನ್ನಾಗಿದೀನಿ. ಬೆಡ್‌ಶೀಟು ಮಡಚೋದು. ದಿನಾ ಅರ್ಧ ಗಂಟೆ ಕಣ್ಣು ಮುಚ್ಕೊಂಡು ಮಡಚ್ತೀನಿ, ಈಗಿಂದ್ಲೇ ರೂಢಿಯಾಗ್ಲಿ ಅಂತ. ಮೂಲೆಗೆ ಮೂಲೆ ಸೇರುತ್ತೆ ಗೊತ್ತಾ?"

ಗೊತ್ತಿಲ್ಲ ಅಂದೆ. 

ಇಷ್ಟು ವರ್ಷ ನಾನು ಬಿಟ್ಟ ಬುರುಡೆಯನ್ನೆಲ್ಲ ಜನ ನಂಬಿದರು. ನಿಜ ಹೇಳಿದ್ದು ಇದೊಂದೇ ಸಲ.

ಮಾರ್ಚ್ 15

ಕೊಯ್ಯಲಿಲ್ಲ.

ಮಾರ್ಚ್ 16

ಕೊಯ್ಯಲಿಲ್ಲ. ಬೊಡ್ಡೆಯ ತಲೆಯಿಂದ ಹೆಲ್ಮೆಟ್ ತೆಗೆದು ಒಳಗಿಟ್ಟೆ. ಸಭೆ ಅನಿರ್ದಿಷ್ಟ ಕಾಲ ಮುಂದೂಡಿಕೆ.

ಮಾರ್ಚ್ 28, ಬೆಳಿಗ್ಗೆ 11

ಮೇಸ್ತ್ರಿಗೆ ಹೇಳಿದೆ. ಏಣಿ, ಸ್ಕ್ರೂ, ಚಕ್ಕೆ, ಬಾಯಿಪಾಠದ ಭಾಷಣ, ಜೇಬು, ಎಲ್ಲ. ಅವರು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ಲನ್ನು ತೆಗೆದು ಜೋಪಾನವಾಗಿ ಪಕ್ಕಕ್ಕಿಟ್ಟರು. ಆಮೇಲೆ ನನ್ನ ಕಪಾಳಕ್ಕೆ ಒಂದು ಕೊಟ್ಟರು. ಎಷ್ಟು ಸಮಾಧಾನವಾಯಿತೆಂದರೆ, ಇನ್ನೊಂದು ಕೊಡುತ್ತಾರೇನೋ ಎಂದು ಕಾದೆ.

"ಆ ಹುಡುಗಿ 'ನನಗೂ ಶುರುವಾಯ್ತು' ಅಂದಾಗ ನೀನು ಪಕ್ಕದಲ್ಲೇ ನಿಂತಿದ್ದೆಯಲ್ಲೋ."

"ಹೌದು."

"ಅವಳಿಗೆ ಹೇಳಿದ್ಯಾ?"

"ಹೇಳ್ದೆ. ನಂಬಲಿಲ್ಲ."

"ಹೇಗೆ ನಂಬ್ತಾಳೆ. ಬೆಳಗಾಯ್ತು ಅಂತ ನೀನು ಹೇಳಿದ್ರೆ ಕಿಟಕಿ ತೆಗೆದು ನೋಡ್ಬೇಕು." ಪೆನ್ಸಿಲ್ ಮತ್ತೆ ಕಿವಿಗೇರಿತು. "ನಾನೇ ಹೋಗ್ತೀನಿ. ಎಲ್ಲಿದೆ ಆ ಲಾಂಡ್ರಿ?"

ವಿಳಾಸ ಬರೆದುಕೊಟ್ಟೆ. 

ಏಪ್ರಿಲ್ 2, ಮಧ್ಯಾಹ್ನ

ಅಕ್ಕನ ಮೆಸೇಜು. "ಭಾನುವಾರ ಬರ್ತೀನಿ. ದಿಮ್ಮಿ ಒಂದು ಇಡು. ಏಣಿ ಮುಟ್ಟಬೇಡ."

ಏಳು ಪದ. ಎಪ್ಪತ್ತು ಸಲ ಓದಿದೆ. ಒಂದೂ ಬೈಗುಳ ಇಲ್ಲ. ಅದೇ ಭಯ.

ಏಪ್ರಿಲ್ 5, ಬೆಳಿಗ್ಗೆ 9.30

ಬಂದಳು. ಸಣ್ಣಗಾಗಿದ್ದಾಳೆ. ಬೆರಳ ತುದಿಗಳೆಲ್ಲ ಸೋಪಿಗೆ ಬಿಳುಚಿಕೊಂಡಿವೆ. ಹಲಗೆಯ ಅಟ್ಟಿಯ ಕಡೆ ತೋರಿಸಿ, "ಅಲ್ಲಿ ಕೂತ್ಕೋ. ಎರಡೂ ಕೈ ನನಗೆ ಕಾಣ್ತಿರ್ಬೇಕು" ಅಂದಳು.

ಕೂತಿದ್ದೇನೆ. ಕೈ ಕಾಣಲೆಂದೇ ಬರೆಯುತ್ತಿದ್ದೇನೆ.

ಏಣಿ ಒಬ್ಬಳೇ ಹೊತ್ತು ತಂದಳು. ಈ ತುದಿಗೆ ಸ್ಕ್ರೂ, ಹನ್ನೆರಡು ಅಡಿ ನಡೆದು ಆ ತುದಿಗೆ ಸ್ಕ್ರೂ, ಮತ್ತೆ ಈ ತುದಿಗೆ. ನಾನು ಇದ್ದಿದ್ದರೆ ಈ ಓಡಾಟ ಇರುತ್ತಿರಲಿಲ್ಲ. ಇದ್ದೇನೆ.

ಕುಕ್ಕರಗಾಲಲ್ಲಿ ಕೂತಳು. ಒಂದು ಕಣ್ಣು ಮುಚ್ಚಿದಳು. ತೆರೆದಳು. ಮತ್ತೆ ಮುಚ್ಚಿದಳು.  ಶೆಡ್ಡಿಗೆ ಹೋಗಿ ರಸಮಟ್ಟ ತಂದಳು. ಅವಳ ಕೈಯಲ್ಲಿ ಅದನ್ನು ನೋಡುತ್ತಿರುವುದು ಇದೇ ಮೊದಲು. ಎರಡೂ ತುದಿಗೆ ಇಟ್ಟು ನೋಡಿದಳು. ಗುಳ್ಳೆ ಎಲ್ಲಿ ನಿಂತಿತೋ ನನಗೆ ಕಾಣಲಿಲ್ಲ. ಅವಳು ಒಂದು ಸ್ಕ್ರೂ ಕೂಡ ಬದಲಿಸಲಿಲ್ಲ.

10.40

ಮೊದಲ ಪಟ್ಟಿ ಇಳಿಯಿತು. ಹೊಸ ಮುಖದ ಮೇಲೆ ಅಂಗೈ ಆಡಿಸಿದಳು. ರಸಮಟ್ಟ ಇಟ್ಟಳು, ಈ ತುದಿ, ನಡು, ಆ ತುದಿ. ಆಮೇಲೆ ನನಗೆ ಬೆನ್ನು ಮಾಡಿ ದಿಮ್ಮಿಯ ಮೇಲೆ ಕೂತಳು.  ಗೇಟಿನಾಚೆ ಒಂದು ಸೈಕಲ್ಲು ಹೋಯಿತು. ಇನ್ನೊಂದು ಹೋಯಿತು.

ಎದ್ದು ಬಂದು ಎದುರು ನಿಂತಳು. ಹೊಡೆತಕ್ಕೆ ಮುಖ ಸಿದ್ಧ ಮಾಡಿಕೊಂಡೆ.

"ಎರಡು ತಿಂಗಳು ಕಣೋ" ಅಂದಳು. "ಕಣ್ಣು ಮುಚ್ಕೊಂಡು ಮಡಚಿದೀನಿ."

"ಅಕ್ಕ..."

"ಮಾತಾಡ್ಬೇಡ."

ಕಿವಿಗೆ ಸದ್ದು ತಡೆಯುವ ಮಫ್ ಹಾಕಿಕೊಂಡು ಹೋದಳು. ಇನ್ನು ನಾನು ಏನಂದರೂ ಅವಳಿಗೆ ಕೇಳಿಸುವುದಿಲ್ಲ. ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡೆ. ಮತ್ತೆ ಪೆನ್ನು ತೆಗೆದುಕೊಂಡೆ.

11.05

ಎರಡನೇ ಕೊಯ್ತ. ಅರ್ಧ ದಾಟಿದೆ. ಹೊಟ್ಟು ಅವಳ ತೋಳು, ಕುತ್ತಿಗೆ, ಕೂದಲಿಗೆಲ್ಲ. ಗರಗಸದ ಹಿಂದೆ ಸೀಳು ಮುಚ್ಚಿಕೊಳ್ಳುತ್ತಿದೆ, ಚೈನಿನ ಸದ್ದು ಬಿಗಿಯುತ್ತಿದೆ. ಬೆಣೆ ಹೊಡೆಯದಿದ್ದರೆ ಸಿಕ್ಕಿಕೊಳ್ಳುತ್ತದೆ. ಒಬ್ಬರೇ ಆದರೆ ಮೆಷಿನ್ ಆಫ್ ಮಾಡಿ, ಸುತ್ತಿ ಬಂದು ಹೊಡೆಯಬೇಕು.

ಆಫ್ ಮಾಡಲಿಲ್ಲ. ಸದ್ದು ಇಳಿಸಿದಳು ಅಷ್ಟೇ. ಒಂದು ಕೈ ಹಿಡಿಯ ಮೇಲಿದೆ. ಇನ್ನೊಂದನ್ನು, ನನ್ನ ಕಡೆ ನೋಡದೆ, ಹಿಂದಕ್ಕೆ ಚಾಚಿದ್ದಾಳೆ. ಅಂಗೈ ಮೇಲೆ ಮಾಡಿ. ಬೆಣೆ ಬೇಕಂತೆ. ಪೆನ್ನು ಇಡುತ್ತೇನೆ.