ಬ್ರಷ್ ಇಡುತ್ತಿದ್ದ ಡಬ್ಬಿಯ ವಿಚಾರವಾಗಿ ವಾಹನ ತಪಾಸಣಾಧಿಕಾರಿಗಳಿಗೆ

ಮಾನ್ಯ ವಾಹನ ತಪಾಸಣಾಧಿಕಾರಿಗಳೇ,

ಬರುವ ಮಂಗಳವಾರ ಬೆಳಿಗ್ಗೆ ನಿಮ್ಮ ಇಲಾಖೆ ನಮ್ಮ ಮಾವನವರ ಮೂವತ್ತೆಂಟು ವರ್ಷದ ಕಾರನ್ನು ಯಂತ್ರದ ಬಾಯಿಗೆ ಕೊಟ್ಟು ಚಪ್ಪಟೆ ಮಾಡಲಿದೆ. ಕಾರು ಯಾವ ತಪ್ಪನ್ನೂ ಮಾಡಿಲ್ಲ. ತಪ್ಪು ಮಾಡಿದವಳು ನಾನು. ನಿಮ್ಮ ಅರ್ಜಿಯ ಒಂಬತ್ತನೇ ಪ್ರಶ್ನೆಗೆ ನಿಜ ಬರೆದೆ.

ನನಗೆ ಮದುವೆಯಾಗಿ ಏಳು ತಿಂಗಳು. 'ನನ್ನ ಗಂಡ' ಎಂದು ಬರೆಯುವಾಗ ಈಗಲೂ ಪೆನ್ನು ಒಂದು ಕ್ಷಣ ನಿಂತು, ನಕ್ಕು, ಆಮೇಲೆ ಮುಂದೆ ಹೋಗುತ್ತದೆ. ಮದುವೆಯಾದ ಮೊದಲ ವಾರ ನನಗೆ ಎಲ್ಲವೂ ಚಂದ ಕಾಣುತ್ತಿತ್ತು: ಅತ್ತೆಯ ಅಡುಗೆಮನೆಯ ಸೋರುವ ನಲ್ಲಿ, ಮಾವನ ಮುಚ್ಚಿದ ಗ್ಯಾರೇಜಿನ ಎಣ್ಣೆ ಕುಡಿದ ನೆಲ, ಅದರ ನಡುವೆ ನಿಂತ ಆ ತಿಳಿಹಸಿರು ಕಾರು. ಇಷ್ಟು ಸಂತೋಷದಲ್ಲಿರುವವರ ಕೈಗೆ ಸರ್ಕಾರಿ ಅರ್ಜಿ ಕೊಡಬಾರದೆಂದು ನಿಮ್ಮ ನಿಯಮಾವಳಿಗೆ ಒಂದು ಸಾಲು ಸೇರಿಸಿದರೆ ಮುಂದಿನವರಿಗಾದರೂ ಉಪಕಾರವಾದೀತು.

ಮೊದಲ ಭಾನುವಾರ ನಾಲ್ವರೂ ಆ ಕಾರಿನಲ್ಲಿ ಹೊರಟೆವು. ಮಾವ ಓಡಿಸುತ್ತಿದ್ದರು. ಪಕ್ಕದಲ್ಲಿ ಅತ್ತೆ, ಗಾಜು ಪೂರ್ತಿ ಇಳಿಸಿ, ತಲೆಗೆ ಶಾಲು ಸುತ್ತಿ ಕುಳಿತಿದ್ದರು. ಹೊರಗೆ ಹಲ್ಲು ಕಟಕಟ ಎನ್ನುವ ಚಳಿ. ಗಾಜು ಏರಿಸಿ ಎಂದರೆ ಬೇಡವೆಂದರು. ಗಂಡ ನನ್ನ ಕಿವಿಯಲ್ಲಿ, ಅಮ್ಮನಿಗೆ ಕಾರು ಹತ್ತಿದರೆ ತಲೆನೋವು, ಅದು ಅವರ ಸ್ವಭಾವ ಎಂದ. ನಾನು ಸುಮ್ಮನಿರುವ ಪೈಕಿ ಅಲ್ಲ.

"ಮಾವ, ಒಳಗೆ ಪೆಟ್ರೋಲ್ ವಾಸನೆ ಬರ್ತಿದೆ, ಅಲ್ವಾ?"

ಅತ್ತೆ ಸೀಟಿನಲ್ಲೇ ಪೂರ್ತಿ ಹಿಂದೆ ತಿರುಗಿ ನನ್ನನ್ನು ನೋಡಿದರು. "ಇಪ್ಪತ್ತೆರಡು ವರ್ಷದಿಂದ ಹೇಳ್ತಿದೀನಿ ಕಣಮ್ಮ. ನಿನ್ನ ಮೂಗೇ ಸರಿಯಿಲ್ಲ ಅಂತಾರೆ ಇವರು."

ಜೀವನವಿಡೀ ಗ್ಯಾರೇಜಿನಲ್ಲಿ ಕಳೆದ ಮಾವನ ಮೂಗಿಗೆ ಪೆಟ್ರೋಲ್ ಎಂದರೆ ಗಾಳಿಯೇ. ಆದರೆ ಮರುದಿನ ಅವರು ಬಾನೆಟ್ ಎತ್ತಿ ನನ್ನನ್ನು ಕರೆದು ಒಂದು ಖಾಲಿ ಜಾಗ ತೋರಿಸಿದರು. ಟ್ಯಾಂಕಿನ ಪೆಟ್ರೋಲ್ ಬಿಸಿಲಿಗೆ ಆವಿಯಾಗುತ್ತದೆ. ಇದ್ದಿಲು ತುಂಬಿದ ಒಂದು ಕಪ್ಪು ಡಬ್ಬಿ ಆ ಆವಿಯನ್ನು ಹೀರಿಟ್ಟುಕೊಂಡು, ಎಂಜಿನ್ ಓಡುವಾಗ ಅದಕ್ಕೇ ಉಣಿಸುತ್ತದೆ. ಆ ಕಾಲದಲ್ಲಿ ಡಬ್ಬಿಯಿದ್ದರೆ ಮೈಲೇಜ್ ಬರುವುದಿಲ್ಲ ಎಂದು ಊರೆಲ್ಲ ನಂಬಿತ್ತು. ಗಿರಾಕಿಗಳು ಕೀಳಿಸಿದರು, ಮಾವ ಕಿತ್ತರು. ಇಪ್ಪತ್ತೆರಡು ವರ್ಷದ ಹಿಂದೆ ಈ ಕಾರು ಬೇರೆಯವರ ಕೈಯಿಂದ ಮನೆಗೆ ಬಂದಾಗ ತಮ್ಮದನ್ನೂ ಕಿತ್ತು, ಅದರ ಪೈಪು ಸೇರುತ್ತಿದ್ದ ಎಂಜಿನ್ನಿನ ತೂತಿಗೆ ಒಂದು ತಿರುಪು ಜಡಿದರು. ಅಂದಿನಿಂದ ಆವಿ ಕಾರಿನೊಳಗೇ ನುಸುಳುತ್ತಿತ್ತು. "ನಾನೇ ಕಿತ್ತಿದ್ದು" ಎಂದರು, ಕಣ್ಣು ಮಾತ್ರ ಅಡುಗೆಮನೆಯ ಕಿಟಕಿಯ ಕಡೆಗಿತ್ತು.

ಅದೇ ವಾರ ನಿಮ್ಮ ನೋಂದಣಿ ನವೀಕರಣದ ಅರ್ಜಿ ಬಂತು. ಒಂಬತ್ತನೇ ಪ್ರಶ್ನೆ: 'ಇಂಧನ ಆವಿ ನಿಯಂತ್ರಣದ ಮೂಲ ಭಾಗಗಳು ವಾಹನದಲ್ಲಿವೆಯೇ?' ಗಂಡ ಹೇಳಿದ, ಹೌದು ಅಂತ ಬರಿ, ಎಲ್ಲರೂ ಅದನ್ನೇ ಬರೆಯೋದು. ಆದರೆ ನಾನು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳು. ಪ್ರಶ್ನೆ ಕೇಳಿದವರಿಗೆ ಉತ್ತರ ಬೇಕಿರುತ್ತದೆ, ಪೂರ್ಣ ವಾಕ್ಯದಲ್ಲಿ ಬರೆದರೆ ಇನ್ನೂ ಒಳ್ಳೆಯದು ಎಂದು ಹನ್ನೆರಡು ವರ್ಷ ಕಲಿತಿದ್ದೆ. 'ಇಲ್ಲ' ಎಂದು ಬರೆದು, ಅದನ್ನು ಹೇಗೆ ಮರಳಿ ಜೋಡಿಸುತ್ತೇವೆಂದು ದುಂಡಗಿನ ಅಕ್ಷರದಲ್ಲಿ ಒಂದು ಪುಟ ಲಗತ್ತಿಸಿದೆ. ಕೊನೆಯಲ್ಲಿ ನಿಮಗೆ ಶುಭಾಶಯವನ್ನೂ ಕೋರಿದ್ದೆ. ಆ ಪುಟವನ್ನು ಯಾರಾದರೂ ಓದಿದರೇ? ನಮ್ಮ ಬೀದಿಯ ಟೈಲರ್ ಅಷ್ಟೇ ಹಳೆಯ ತಮ್ಮ ಕಾರಿಗೆ 'ಹೌದು' ಎಂದು ಬರೆದು ಅದೇ ವಾರ ಅನುಮತಿ ಪಡೆದರು. ಅವರ ಕಾರಿನ ಪಕ್ಕ ನಿಲ್ಲಬೇಕಾದರೆ ಮೂಗು ಹಿಡಿದುಕೊಳ್ಳಬೇಕು. ಶುದ್ಧ ಗಾಳಿಯ ಬಗ್ಗೆ ನಿಮಗಿರುವ ಕಾಳಜಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಮಗೆ ಸಿಕ್ಕಿದ್ದು ತೊಂಬತ್ತು ದಿನದ ಗಡುವು, ಮೀರಿದರೆ ಕಾರು ಗುಜರಿಗೆ ಎಂಬ ಎಚ್ಚರಿಕೆ ಮತ್ತು ಬೇಕಾದ ಭಾಗದ ಸಂಖ್ಯೆ. ಆ ಕಾರು ತಯಾರಿಸಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿದೆ. ನಾನೂ ಗಂಡನೂ ಗುಜರಿ ಅಂಗಡಿಗಳನ್ನು ಸುತ್ತಿದೆವು. ನಮ್ಮ ಮಧುಚಂದ್ರ ನಡೆದದ್ದು ಅಲ್ಲೇ ಎಂದರೂ ಸರಿ. ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಮನೆಯಲ್ಲೇ. ಗ್ಯಾರೇಜಿನ ಕೆಲಸದ ಮೇಜು ಒರೆಸುವಾಗ, ಮಾವ ಬ್ರಷ್‌ಗಳನ್ನು ನಿಲ್ಲಿಸಿಟ್ಟಿದ್ದ ಕಪ್ಪು ಡಬ್ಬಿಯನ್ನು ಎತ್ತಿದೆ. ಅದರ ತಳದಲ್ಲಿ ನಿಮ್ಮ ಪತ್ರದ ಸಂಖ್ಯೆಯೇ ಅಚ್ಚಾಗಿತ್ತು. ನಾನು ಕೂಗಿದ ಕೂಗಿಗೆ ಅತ್ತೆ ಸೌಟು ಹಿಡಿದೇ ಓಡಿ ಬಂದರು. ಮಾವ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, "ಬ್ರಷ್ ಇಡೋಕೆ ಹೇಳಿ ಮಾಡಿಸಿದ ಹಾಗಿತ್ತಮ್ಮ, ಅದಕ್ಕೇ ಮೇಲ್ಭಾಗ ಕುಯ್ದೆ" ಎಂದರು.

ಬೇರೊಂದು ಗಾಡಿಯ ಡಬ್ಬಿಯಿಂದ ಮುಚ್ಚಳ ತಂದು ಅಂಟಿಸಿ, ಒಳಗೆ ಹೊಸ ಇದ್ದಿಲಿನ ಕಾಳು ತುಂಬಿದರು. ಟ್ಯಾಂಕಿನಿಂದ ಡಬ್ಬಿಗೆ, ಡಬ್ಬಿಯಿಂದ ಎಂಜಿನ್ನಿಗೆ ಹೊಸ ಪೈಪು ಎಳೆದರು. ವಯಸ್ಸಾದ ಮಾವನ ಕೈಗೆ ಈಗ ಮೊದಲಿನ ಬಲವಿಲ್ಲ. ಅವರು ಬೆರಳು ತೋರಿಸಿದಲ್ಲಿ ಗಂಡ ಬಿಗಿಮಾಡಿದ, ನಾನು ಟಾರ್ಚ್ ಹಿಡಿದೆ. ಆ ಹಳೆಯ ತಿರುಪನ್ನು ಮಾತ್ರ ಯಾರಿಗೂ ಕೊಡದೆ ಅವರೇ ಬಿಚ್ಚಿದರು.

ಆಮೇಲೆ ಕಾರನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಗಂಟೆ ನಿಲ್ಲಿಸಿ, ನಾಲ್ವರೂ ಹತ್ತಿದೆವು. ರೂಢಿಯಂತೆ ಅತ್ತೆ ಮೊದಲು ಗಾಜು ಇಳಿಸಿದರು. ಎರಡು ಬೀದಿ ದಾಟುವ ಹೊತ್ತಿಗೆ ಶಾಲು ತೆಗೆದು ಮಡಿಲಲ್ಲಿಟ್ಟುಕೊಂಡರು. ಮತ್ತೆ ಸ್ವಲ್ಪ ದೂರ ಹೋದ ಮೇಲೆ ಹಿಡಿಕೆ ತಿರುಗಿಸಿ ಗಾಜು ಏರಿಸಿದರು. ಮಾವ ರಸ್ತೆ ಬಿಟ್ಟು ಆ ಗಾಜನ್ನೇ ನೋಡುತ್ತಿದ್ದುದರಿಂದ ಗಂಡ ಹಿಂದಿನಿಂದ ಭುಜ ತಟ್ಟಬೇಕಾಯಿತು.

ನಿಮ್ಮ ತಪಾಸಣೆಯ ಶೆಡ್ಡಿನಲ್ಲಿ ಯಾರೂ ಬಾನೆಟ್ ಎತ್ತಲಿಲ್ಲ. ಡಬ್ಬಿ ಇದ್ದರೆ ಸಾಲದು, ಅದು ಮೂಲ ಭಾಗವೆಂದು ಕಂಪನಿಯ ಪತ್ರ ಬೇಕೆಂದರು. ಕಂಪನಿಯೇ ಇಲ್ಲ ಎಂದೆ. "ಹಾಗಾದ್ರೆ ಪತ್ರ ಹೇಗೆ ತರ್ತೀರಿ?" ಎಂದು ನನ್ನನ್ನೇ ಕೇಳಿದರು. ಸಂಖ್ಯೆ ತಳದಲ್ಲೇ ಇದೆ, ದಯವಿಟ್ಟು ನೋಡಿ ಎಂದೆ. ಕಡತದಲ್ಲಿ 'ಇಲ್ಲ' ಎಂದು ನಮೂದಾಗಿದೆ, ಇಲ್ಲದ್ದನ್ನು ನೋಡುವುದು ಹೇಗೆ ಎಂದರು. ಕೊನೆಗೆ ಒಬ್ಬ ಗುಮಾಸ್ತರು ಕರುಣೆಯಿಂದಲೇ, "ಮೊದಲೇ ಹೌದು ಅಂತ ಬರೆದಿದ್ರೆ ಮುಗೀತಿತ್ತಲ್ಲಮ್ಮ" ಎಂದರು. ನಿಮ್ಮ ಕಚೇರಿಯಲ್ಲಿ ನನಗೆ ಸಿಕ್ಕ ಏಕೈಕ ಪೂರ್ಣ ಉತ್ತರ ಅದು. ಎರಡು ಮೇಲ್ಮನವಿ ಹಾಕಿದೆ. ಎರಡಕ್ಕೂ ತಿರಸ್ಕರಿಸಲಾಗಿದೆ ಎಂಬ ಒಂದೇ ವಾಕ್ಯ ಮರಳಿ ಬಂತು. ಮೊಹರು ಬಿದ್ದ ಓರೆ ಕೂಡ ಒಂದೇ.

ಮನೆಯಲ್ಲಿ ಯಾರೂ ನನ್ನನ್ನು ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಂಡ ತಮಾಷೆ ಮಾಡುವುದನ್ನು ಬಿಟ್ಟಿದ್ದಾನೆ. ಬ್ರಷ್‌ಗಳು ಮೇಜಿನ ಮೇಲೆ ಅಡ್ಡ ಬಿದ್ದಿವೆ, ಅವಕ್ಕೆ ಬೇರೆ ಡಬ್ಬಿ ತರಲು ಮಾವ ಒಪ್ಪುತ್ತಿಲ್ಲ. ನಿನ್ನೆ ನಾನು ಅಳುವುದನ್ನು ಕಂಡ ಅತ್ತೆ, "ಬಿಡಮ್ಮ, ಒಂದು ಸಲ ಗಾಜು ಏರಿಸಿ ಕೂತೆನಲ್ಲ" ಎಂದರು.

ಮಾನ್ಯರೇ, ಕಾರನ್ನು ಉಳಿಸಿ ಎಂದು ಕೇಳುತ್ತಿಲ್ಲ. ಆ ಆಸೆ ಎರಡನೇ ಮೊಹರಿನೊಂದಿಗೆ ಹೋಯಿತು. ನನ್ನ ಬೇಡಿಕೆ ಇಷ್ಟೇ. ಮಂಗಳವಾರ ಯಂತ್ರಕ್ಕೆ ಕೊಡುವ ಮೊದಲು ಕಾರನ್ನು ಒಂದು ಗಂಟೆ ಬಿಸಿಲಿನಲ್ಲಿ ನಿಲ್ಲಿಸಿ. ಚಾಲಕನ ಪಕ್ಕದ ಸೀಟಿನಲ್ಲಿ ನೀವೇ ಕುಳಿತು, ಗಾಜು ಏರಿಸಿ, ನಿಧಾನವಾಗಿ ಉಸಿರು ಎಳೆದುಕೊಳ್ಳಿ. ನಿಮ್ಮ ಮೂಗಿಗೆ ಏನು ಬಂತೋ, ಏನು ಬರಲಿಲ್ಲವೋ, ಅದನ್ನು ಒಂಬತ್ತನೇ ಪ್ರಶ್ನೆಯ ಮುಂದೆ, ನನ್ನ 'ಇಲ್ಲ'ದ ಪಕ್ಕ, ನಿಮ್ಮ ಕೈಯಾರೆ ಬರೆಯಿರಿ. ಆಮೇಲೆ ಕೆಳಗಿಳಿದು ಗುಂಡಿ ಒತ್ತಿಸಿ.

ಇಂತಿ,
ಇನ್ನೂ ಪೂರ್ಣ ವಾಕ್ಯದಲ್ಲೇ ಉತ್ತರ ಬರೆಯುವ,
ಆ ಮನೆಯ ಹೊಸ ಸೊಸೆ