ಅಜ್ಜಿ ಹಸಿರು ಕೊಟ್ಟ ಪಟ್ಟಿ

ಮಾರ್ಚ್ 5, ಬುಧವಾರ. ಡಂಡೀ

ಶಾಲೆಯ ಕೊನೆಯ ಹಂತದ ಹೈಯರ್ ಗಣಿತ ನಾನು ಪಾಸಾಗಿಲ್ಲ. ಪರೀಕ್ಷೆಗೇ ಕೂತಿಲ್ಲ. ಹದಿನಾರಕ್ಕೆ ಶಾಲೆ ಬಿಟ್ಟವಳು. ಈ ಕೆಲಸದ ಅರ್ಜಿಯಲ್ಲಿ ಪಾಸು ಎಂಬ ಚೌಕಕ್ಕೆ ಕೆಲಸ ಕೊಡಿಸಿದ ಏಜೆನ್ಸಿಯವರೇ ಟಿಕ್ ಹಾಕಿದ್ದರು. ನೋಡಿಯೂ ಸಹಿ ಮಾಡಿದೆ. ಎರಡು ವರ್ಷದಿಂದ ಯಾರಿಗೂ ಹೇಳಿಲ್ಲ. ಇಲ್ಲಾದರೂ ಬರೆದಿಟ್ಟೆ.

ಎಂದಿನಂತೆ ಫೋನ್ ಲಾಕರಿಗೆ ಹಾಕಿ ಒಳಗೆ. ಹನ್ನೊಂದು ಪಟ್ಟಿ ನೋಡಿದೆ.

ಅಲ್ಲಿ ಏನು ಮಾಡುತ್ತೀ ಎಂದು ಅಮ್ಮ ಮತ್ತೆ ಕೇಳಿದಳು. ಹೇಳಿದೆ: ಸಂಶೋಧಕರು ಆಸ್ಪತ್ರೆ ದಾಖಲೆಗಳನ್ನು ಹೆಸರಿಲ್ಲದೆ ನಮ್ಮ ಕಂಪ್ಯೂಟರಿನೊಳಗೇ ನೋಡಬೇಕು. ಹೊರಗೆ ಒಯ್ಯುವ ಪ್ರತಿ ಪಟ್ಟಿಯನ್ನೂ ನಾವು ತಪಾಸಣೆ ಮಾಡುತ್ತೇವೆ. ಹತ್ತು ಜನಕ್ಕಿಂತ ಕಡಿಮೆ ಎಣಿಕೆ ಇದ್ದರೆ ಬಿಡುವುದಿಲ್ಲ — ಯಾರೆಂದು ಊಹಿಸಿಬಿಡಬಹುದು. ಜನವರಿಯಿಂದ ಮೊದಲ ನೋಟ ಎಐನದ್ದು. ಜೊತೆಗಾರ ಫ್ರೇಜರ್ ಅದನ್ನು ಅಜ್ಜಿ ಎನ್ನುತ್ತಾನೆ: ಕೋಟಿನ ಗುಂಡಿ ಹಾಕದವರನ್ನು ಹೊಸ್ತಿಲು ದಾಟಿಸುವುದಿಲ್ಲವಂತೆ. ಹಸಿರಾದರೆ ಬಿಡಬಹುದು, ಹಳದಿಯಾದರೆ ಅನುಮಾನ, ಕೆಂಪಾದರೆ ತಡೆ. ಆಮೇಲೆ ಅವನೂ ನಾನೂ ಬೇರೆ ಬೇರೆಯಾಗಿ ನೋಡಬೇಕು. ಬಣ್ಣ ಮೊದಲೇ ಕಾಣದಿರಲೆಂದು ಪರದೆಯ ಮೂಲೆಗೆ ನನ್ನ ಮಫ್ಲರ್ ಇಳಿಬಿಡುತ್ತೇನೆ. ಫ್ರೇಜರ್ ನಗುತ್ತಾನೆ. ನಗಲಿ.

ಮಾರ್ಚ್ 8, ಶನಿವಾರ. ಮಧ್ಯಾಹ್ನ 2

ಬ್ರಾಟಿ ಫೆರಿ ದಡದ ಬೆಂಚು. ಬಿಸಿ ಆಲೂಗಡ್ಡೆ ಚಿಪ್ಸ್ ಆರುತ್ತಿದೆ. ಇನ್ನೂ ಮುಟ್ಟಿಲ್ಲ.

ನಿನ್ನೆಯ ಕೊನೆಯ ಪಟ್ಟಿ. ರೈಲಿಗೆ ಹೊತ್ತಾಗಿತ್ತು, ಮಫ್ಲರ್ ಆಗಲೇ ಕುತ್ತಿಗೆಯಲ್ಲಿತ್ತು. ಹಸಿರು ಕಂಡಿತು. ಒಪ್ಪಿಗೆ ಒತ್ತಿದೆ. ಫ್ರೇಜರನೂ ಒತ್ತಿದ್ದ.

ಈಗ ಹೊಳೆಯಿತು. ಅದೇ ಸಂಶೋಧಕಿಯ ಪಟ್ಟಿ ಕಳೆದ ತಿಂಗಳೂ ಹೋಗಿದೆ — ನಾನೇ ನೋಡಿದ್ದೆ. ಅದರಲ್ಲಿ ಎಲ್ಲ ದ್ವೀಪಗಳೂ ಸೇರಿ ಇಷ್ಟು ರೋಗಿಗಳು. ನಿನ್ನೆಯದರಲ್ಲಿ ಒಂದು ಪುಟ್ಟ ದ್ವೀಪ ಬಿಟ್ಟು ಉಳಿದವು. ಒಂದೊಂದಾಗಿ ನೋಡಿದರೆ ಎರಡೂ ಸರಿ. ಒಂದರಿಂದ ಇನ್ನೊಂದನ್ನು ಕಳೆದರೆ ಆ ದ್ವೀಪದವರು ಮಾತ್ರ ಉಳಿಯುತ್ತಾರೆ. ಹತ್ತಕ್ಕಿಂತ ತುಂಬ ಕಡಿಮೆ. ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ದ್ವೀಪದ ಹೆಸರನ್ನೂ. ಅವು ಆ ಕೋಣೆ ಬಿಟ್ಟು ಬರಬಾರದು. ಹೆಲಿಕಾಪ್ಟರ್ ಯಾರ ಮನೆಯ ಹತ್ತಿರ ಇಳಿಯಿತೆಂದು ಊರಿಗೆಲ್ಲ ಗೊತ್ತಿರುವ ಜಾಗ ಅದು.

ಅಜ್ಜಿಗೆ ಕಳೆದ ತಿಂಗಳ ನೆನಪಿಲ್ಲ. ಎದುರಿಗಿಟ್ಟದ್ದನ್ನಷ್ಟೇ ನೋಡುತ್ತದೆ. ನನಗೆ ನೆನಪಿತ್ತು, ನಾನು ನೋಡಲಿಲ್ಲ.

ಪಟ್ಟಿ ಹೊರಡುವುದು ಸೋಮವಾರ ಒಂಬತ್ತಕ್ಕೆ. ಹೇಳಿದರೆ ವಿಚಾರಣೆ. ತಪಾಸಣೆ ಮಾಡಿದವರ ಫೈಲು ತೆಗೆಯುತ್ತಾರೆ — ಆ ಟಿಕ್ಕೂ ಸಿಗುತ್ತದೆ. ಎಂಟಕ್ಕೇ ಹೋಗಿ ಸದ್ದಿಲ್ಲದೆ ಹಿಂದಕ್ಕೆ ಎಳೆದುಬಿಟ್ಟರೆ...

ಆಗ ಇಂಥದ್ದೇ ಮುಂದಿನ ಪಟ್ಟಿಗೂ ಅಜ್ಜಿ ಹಸಿರೇ ಕೊಡುತ್ತದೆ.

3.30

ನಮ್ಮ ಮುಖ್ಯಸ್ಥೆ ಎಲ್ಸ್‌ಪೆತ್‌ಗೆ ಫೋನ್ ಮಾಡಿದೆ. ಹಿತ್ತಲಲ್ಲಿ ಆಲೂಗಡ್ಡೆ ನೆಡುತ್ತಿದ್ದರಂತೆ. ಹೆಸರು, ಸಂಖ್ಯೆ ಬಿಟ್ಟು ಉಳಿದದ್ದು ಹೇಳಿದೆ.

"ಹೊರಗೆ ಹೋಗಿಲ್ಲ ತಾನೆ?"

"ಇಲ್ಲ. ಸೋಮವಾರ."

"ಹಾಗಾದ್ರೆ ಉಸಿರು ಬಿಡೇ ಹುಡುಗಿ. ಕೈ ತೊಳ್ಕೊಂಡು ಈಗ್ಲೇ ಹೋಗಿ ತಡೀತೀನಿ."

ಬಿಡಲಿಲ್ಲ. ಇನ್ನೊಂದಿದೆ ಎಂದೆ. ಗಣಿತದ್ದೂ ಹೇಳಿದೆ. ಆ ಕಡೆ ಸಲಿಕೆ ನೆಲಕ್ಕೆ ಊರಿದ ಸದ್ದು.

"ಒಂದು ದಿನಕ್ಕೆ ಒಂದು ತಪ್ಪು ಸಾಕು ಅನ್ನಿಸ್ಲಿಲ್ವಾ ನಿಂಗೆ?"

ಆರಿದ ಚಿಪ್ಸ್ ಪೂರ್ತಿ ತಿಂದೆ.

ಮಾರ್ಚ್ 10, ಸೋಮವಾರ

ಪಟ್ಟಿ ಹೋಗಿಲ್ಲ. ಶನಿವಾರವೇ ನಿಲ್ಲಿಸಿದ್ದರು. ಲೆಕ್ಕ ನನ್ನ ನೆನಪಿನಂತೆಯೇ ಇತ್ತು.

ಹೊರಗೆ ಹೋಗುವ ಮುನ್ನ ಹೊಸ್ತಿಲಲ್ಲೇ ಸಿಕ್ಕ ತಪ್ಪಿಗೆ ತಪ್ಪಿದವರು ಕೇಕ್ ತರಬೇಕು, ಏನು ತಪ್ಪೆಂದು ಡಬ್ಬಿಯ ಮೇಲೆ ಬರೆಯಬೇಕು. ನಮ್ಮಲ್ಲಿ ಹಾಗೆ. ಇವತ್ತು ಎರಡು ಡಬ್ಬಿ. ಫ್ರೇಜರ್ ತನ್ನದರ ಮೇಲೆ ಬರೆದಿದ್ದ: ಬಣ್ಣ ನೋಡಿದೆ, ಪಟ್ಟಿ ನೋಡಲಿಲ್ಲ.

ನನ್ನ ವಿಷಯ ಅವನಿಗೂ ಹೇಳಿದೆ. ತುಂಡು ಕತ್ತರಿಸುತ್ತಾ ಅಂದ, "ನಂಗೆ ಗಣಿತದಲ್ಲಿ ಎ ಗ್ರೇಡು ಕಣೇ. ಕಳೆಯೋದೇ ಮರೆತೆ ನೋಡು."

ಮಧ್ಯಾಹ್ನ ಅವನ ಪರದೆಯ ಮೂಲೆಗೆ ಒಂದು ಕಾಲುಚೀಲ ತೂಗುತ್ತಿತ್ತು.

ಮಾರ್ಚ್ 20, ಗುರುವಾರ

ವಿಚಾರಣೆಯ ಪತ್ರ ಬಂತು. ಬಾತ್‌ರೂಮಿನಲ್ಲಿ ಚಿಲಕ ಹಾಕಿಕೊಂಡು ಓದಿದೆ. ಪರೀಕ್ಷೆ ಪಾಸಾಗುವವರೆಗೆ ನನ್ನ ಒಪ್ಪಿಗೆ ನಡೆಯುವುದಿಲ್ಲ. ಕೆಲಸ ಇದೆ. ಆಗಸ್ಟಿನಿಂದ ಸಂಜೆ ಕ್ಲಾಸು. ಎರಡು ಸಲ ಓದಿದೆ — ಕೆಲಸ ಇದೆ.

ಹಳೆಯ ಪಟ್ಟಿಗಳನ್ನು ಜೋಡಿಸಿಕೊಡುವುದು ಈಗ ನನ್ನ ಪಾಲು. ಹೊಸದನ್ನು ಅಜ್ಜಿ ಅವುಗಳ ಪಕ್ಕ ಇಟ್ಟು ನೋಡಬೇಕು. ಅದೇ ಎರಡು ಪಟ್ಟಿ ಕೊಟ್ಟೆವು. ಕೆಂಪು. ಕೆಂಪು ಕಂಡು ಇಷ್ಟು ಹಗುರಾದದ್ದು ಇದೇ ಮೊದಲು.

ಏಪ್ರಿಲ್ 2, ಬುಧವಾರ

ನಾಡಿದ್ದು ಆ ದ್ವೀಪಗಳ ಪಟ್ಟಣ ಕರ್ಕ್‌ವಾಲ್‌ನಲ್ಲಿ ದ್ವೀಪದವರ ಸಭೆ. ನಮ್ಮ ಕಾಯಿಲೆಗಳ ಗುಟ್ಟನ್ನು ಯಂತ್ರ ಕಾಯುವುದೇ ಎಂದು ಕೇಳಿದ್ದಾರೆ. ಎಲ್ಸ್‌ಪೆತ್ ನನ್ನ ಮೇಜಿಗೇ ಬಂದರು.

"ನೀನೇ ಬಾ. ಎಲ್ಲಿ ತಪ್ಪಿತು ಅಂತ ನೀನೇ ಹೇಳು. ನಾನು ಹೇಳಿದ್ರೆ ಆಫೀಸಿನ ಮಾತಾಗತ್ತೆ."

ಶಾಲೆ ಬಿಟ್ಟದ್ದನ್ನೂ ಹೇಳಲಾ ಎಂದು ಕೇಳಿದೆ. ಕೇಳಿದರೆ ಹೇಳು ಎಂದರು. ಕೇಳದಿದ್ದರೂ ಹೇಳುತ್ತೇನೇನೋ.

ಚೀಲ ತುಂಬಿದೆ. ಮಫ್ಲರ್ ಮೇಲೇ ಇದೆ. ಹಡಗು ಹಿಡಿಯಲು ನಾಳೆ ಬೆಳಗಿನ ಮೊದಲ ರೈಲಿಗೆ ಹೊರಡುತ್ತೇನೆ.